ಅಚ್ಚೋ, ಮೊಬೈಲೋ? ದುಡಿಯುವವರಿಗೆ ನೋಟ್ಸ್ ಕೊಟ್ಟ ನನ್ನ ಅನುಭವ

ತುಮಕೂರಿನಲ್ಲಿ ಭಾನುವಾರಗಳಂದು ನಾನು ಇತಿಹಾಸ, ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಬರುವವರೆಲ್ಲ ದುಡಿಯುತ್ತಲೇ ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿರುವವರು. ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿದ್ದಾರೆ, ದಿನಾ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವವರಿದ್ದಾರೆ. ಮಗಳು ಪಿಯುಸಿಗೆ ಬಂದಮೇಲೆ ತಾನೂ ಡಿಗ್ರಿಗೆ ಸೇರಿಕೊಂಡ ತಾಯಂದಿರೂ ಇದ್ದಾರೆ.

"ನೋಟ್ಸ್ ಕಾಗದದಲ್ಲಿ ಬೇಕೋ, ಮೊಬೈಲಿಗೆ ಕಳಿಸಲೋ?" ಎಂದು ಇವರನ್ನು ಕೇಳಿದರೆ ಬರುವ ಉತ್ತರ ಒಂದೇ: "ಬುಕ್ಕೇ ಚೆಂದ ಮೇಡಂ." ಪರೀಕ್ಷೆಯ ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ "ಪಿಡಿಎಫ್ ಇದ್ರೆ ಹಾಕಿ ಮೇಡಂ" ಅನ್ನುವವರೂ ಇವರೇ. ಎರಡೂ ನಿಜವೇ. ಹಾಗಾಗಿ ಏನು ಇಷ್ಟ ಎಂದು ಕೇಳುವುದನ್ನು ಬಿಟ್ಟೆ. ಎಲ್ಲಿ ಕೂತು ಓದುತ್ತೀರಿ, ಎಷ್ಟು ಹೊತ್ತಿಗೆ, ಆಗ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳತೊಡಗಿದೆ. ಮೂರನೆಯ ಪ್ರಶ್ನೆಯನ್ನು ಸುಮ್ಮನೆ ಮಾತಿಗೆ ಸೇರಿಸಿದ್ದೆ. ಹೆಚ್ಚು ವಿಷಯ ಹೊರಬಂದದ್ದು ಅದರಿಂದಲೇ.

ಗುಬ್ಬಿ ಕಡೆಯ ಒಬ್ಬರು ಹೇಳಿದ್ದು: "ಮೊಬೈಲ್ ಹಿಡ್ಕೊಂಡು ಕೂತ್ರೆ ನಮ್ಮತ್ತೆ, ಕೆಲ್ಸ ಬಿಟ್ಟು ರೀಲ್ಸ್ ನೋಡ್ತಾವ್ಳೆ ಅಂತಾರೆ. ಬುಕ್ ಹಿಡ್ಕೊಂಡ್ರೆ, ಓದ್ಕಳ್ಳಿ ಬಿಡು ಅಂತ ಅವ್ರೇ ಸಾರಿಗೆ ಒಗ್ಗರಣೆ ಹಾಕ್ತಾರೆ." ಓದುವುದು ಎರಡರಲ್ಲೂ ಅದೇ ಘಟಕ. ಆದರೆ ಪುಸ್ತಕ ಮನೆಮಂದಿಗೆಲ್ಲ ಕಾಣುತ್ತದೆ, ಓದುತ್ತಿದ್ದಾಳೆ ಎನ್ನುವುದಕ್ಕೆ ಸಾಕ್ಷಿಯಾಗುತ್ತದೆ. ಮೊಬೈಲಿನೊಳಗೆ ಏನಿದೆ ಎಂದು ಯಾರಿಗೆ ಗೊತ್ತು? ಸಾಲದ್ದಕ್ಕೆ ಎಷ್ಟೋ ಮನೆಗಳಲ್ಲಿ ಸಂಜೆಯಾದರೆ ಆ ಮೊಬೈಲು ಮಕ್ಕಳ ಕೈಯಲ್ಲಿ.

ಗಂಡಸರಲ್ಲಿ ಹಲವರದ್ದು ಇದಕ್ಕೆ ತದ್ವಿರುದ್ಧ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪುಸ್ತಕ ತೆಗೆದರೆ "ಏನಣ್ಣ, ಡೀಸಿ ಆಗ್ಬಿಡ್ತೀಯಾ?" ಎಂಬ ತಮಾಷೆ ಶುರು. ನಲವತ್ತು ದಾಟಿದವರಿಗೆ ಆ ಮಾತು ಚುಚ್ಚುತ್ತದೆ. ಮೊಬೈಲಿನಲ್ಲಾದರೆ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದಾನೆ ಅಂದುಕೊಂಡು ಸುಮ್ಮನಾಗುತ್ತಾರೆ. ಕಾಗದವೇ ಬೇಕೆಂದ ಒಬ್ಬರು ಮಾತ್ರ, ರಟ್ಟಿನ ಮೇಲೆ ವಿಷಯದ ಹೆಸರು ಹಾಕಿಸಬೇಡಿ ಎಂದರು. ಈಗ ಎಲ್ಲರ ಪುಸ್ತಿಕೆಗೂ ಖಾಲಿ ರಟ್ಟೇ.

ಕಣ್ಣಿನ ತಾಪತ್ರಯ ಬೇರೆ. ಚಾಳೀಸು ಬಂದ ಕಣ್ಣಿಗೆ ಎ4 ಅಳತೆಯ ಪಿಡಿಎಫ್ ಮೊಬೈಲಿನಲ್ಲಿ ಬರೀ ಶಿಕ್ಷೆ. ಹಿಗ್ಗಿಸಿದರೆ ಸಾಲು ಅರ್ಧಕ್ಕೇ ಪರದೆ ದಾಟುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಕರಗಿಹೋಗುತ್ತದೆ. "ರಾಷ್ಟ್ರ", "ಶಾಸ್ತ್ರ" ಇಂಥ ಪದಗಳನ್ನು ಕಣ್ಣು ಊಹೆಯಿಂದಲೇ ಓದಿಬಿಡುತ್ತದೆ, ಹೊಸ ಪಾರಿಭಾಷಿಕ ಪದ ಬಂದಾಗ ನಿಲ್ಲುತ್ತದೆ. ಇನ್ನು ಹಳೆಯ ಕಡತಗಳು. ಈಗ ಮೊಬೈಲು, ಕಂಪ್ಯೂಟರುಗಳು ಕನ್ನಡ ಅಕ್ಷರಗಳನ್ನು ಗುರುತಿಸುವುದು ಯೂನಿಕೋಡ್ ಎಂಬ ಸಂಕೇತ ಪದ್ಧತಿಯಿಂದ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಮೊಬೈಲು ಅದನ್ನು ಗಟ್ಟಿಯಾಗಿ ಓದಿ ಹೇಳಲಾರದು. ಪುಟಗಳ ಫೋಟೊ ಹೊಡೆದು ಮಾಡಿದ ಪಿಡಿಎಫ್‌ಗೂ ಇದೇ ಪಾಡು. ಎಲೆಕ್ಟ್ರಾನಿಕ್ ಓದಿನ ಲಾಭವೆಂದು ಹೇಳುವ ಯಾವುದೂ ಇವುಗಳಲ್ಲಿ ಇಲ್ಲ. ಇಂಥದ್ದನ್ನು ಕೈಗಿತ್ತು "ನಮ್ಮೋರಿಗೆ ಡಿಜಿಟಲ್ ಒಗ್ಗಲ್ಲ" ಎನ್ನುವುದು ನನಗೆ ಸರಿಕಾಣುವುದಿಲ್ಲ.

ಹಾಗಾಗಿ ಮೊಬೈಲಿಗೆ ಹೋಗುವುದನ್ನು ನಾನು ಯೂನಿಕೋಡ್‌ನಲ್ಲೇ ಟೈಪಿಸುತ್ತೇನೆ. ಪಿಡಿಎಫ್ ಮಾಡಬೇಕಾದರೆ ಎ4 ಬಿಟ್ಟು ಮೊಬೈಲ್ ಪರದೆಯ ಅಗಲಕ್ಕೇ ಪುಟ ಹೊಂದಿಸುತ್ತೇನೆ. ಕಡತಕ್ಕೆ ಕನ್ನಡದಲ್ಲೇ ಹೆಸರು: "ಘಟಕ 3 ಮೈಸೂರು ಯುದ್ಧಗಳು". ಇಲ್ಲವಾದರೆ ಮದುವೆ ವಿಡಿಯೊ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಅದು ಮತ್ತೆ ಸಿಗುವುದಿಲ್ಲ. ಮೆಮೊರಿ ತುಂಬಿತೆಂದು ಮಗ ಎಲ್ಲ ಅಳಿಸಿದನಂತೆ ಎಂಬ ದೂರು ಇದ್ದದ್ದೇ. ಅದಕ್ಕೇ ಕಡತಗಳನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಕೊಂಡಿಯನ್ನು ಗುಂಪಿನ ವಿವರಣೆಯಲ್ಲೇ ಅಂಟಿಸಿದ್ದೇನೆ.

ಕಾಗದದ್ದರಲ್ಲಿ ನನಗೆ ತೃಪ್ತಿ ಕೊಟ್ಟದ್ದು ಪುಸ್ತಿಕೆಯ ಅಳತೆ. ಇಡೀ ಸೆಮಿಸ್ಟರಿನ ನೋಟ್ಸನ್ನು ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಅದು ಮನೆಯ ಅಲಮಾರು ಬಿಟ್ಟು ಹೊರಡುವುದಿಲ್ಲ. ಈಗ ಘಟಕಕ್ಕೊಂದು ಪುಸ್ತಿಕೆ. ಎ4 ಹಾಳೆಯನ್ನು ಅಡ್ಡ ಇಟ್ಟು ಎರಡೂ ಬದಿ ಮುದ್ರಿಸಿ ನಡುವೆ ಮಡಚಿದರೆ ನಾಲ್ಕು ಹಾಳೆಗೆ 16 ಪುಟ. ಪ್ರಿಂಟ್ ಕೊಡುವಾಗ "ಬುಕ್‌ಲೆಟ್" ಆಯ್ಕೆ ಒತ್ತಿದರೆ ಪುಟಗಳ ಕ್ರಮವನ್ನು ಕಂಪ್ಯೂಟರೇ ಹೊಂದಿಸುತ್ತದೆ. ಮಡಿಕೆಯ ಮೇಲೆ ಎರಡು ಪಿನ್. ಅಕ್ಷರ 14 ಪಾಯಿಂಟ್, ಹೊರಬದಿಯಲ್ಲಿ ಬರೆದುಕೊಳ್ಳಲು ಎರಡು ಬೆರಳಗಲ ಜಾಗ. ಊಟದ ಡಬ್ಬಿಯ ಚೀಲದಲ್ಲಿ ಹಿಡಿಸುತ್ತದೆ.

ಯಾವ ಘಟಕ ಕಾಗದಕ್ಕೆ, ಯಾವುದು ಮೊಬೈಲಿಗೆ ಎನ್ನುವುದಕ್ಕೆ ಸಂಶೋಧನೆಯಿಂದಲೂ ಒಂದು ಸುಳಿವು ಸಿಕ್ಕಿತು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಗಿತ್ತು. ಅವುಗಳಲ್ಲಿ ಭಾಗವಹಿಸಿದ್ದವರು ಒಟ್ಟು 1,70,000ಕ್ಕೂ ಹೆಚ್ಚು. ಮಾಹಿತಿ ತುಂಬಿದ ಪಠ್ಯವನ್ನು ಓದುವಾಗ, ಅದರಲ್ಲೂ ಸಮಯದ ಮಿತಿ ಇದ್ದಾಗ, ಕಾಗದದಲ್ಲಿ ಓದಿದವರಿಗೆ ಚೂರು ಹೆಚ್ಚು ಅರ್ಥವಾಗಿತ್ತು. ಕಥೆ ಓದಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ತರಗತಿಯಲ್ಲಿ ಪಠ್ಯವೆಲ್ಲ ಮಾಹಿತಿಯದ್ದೇ, ಸಮಯವಂತೂ ಯಾರಿಗೂ ಇಲ್ಲ.

ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳನ್ನೇ ತೆಗೆದುಕೊಳ್ಳಿ. ಪಂಚಾಯತಿಗೆ ಹನ್ನೊಂದನೇ ಅನುಸೂಚಿಯ 29 ವಿಷಯ, ನಗರ ಸಂಸ್ಥೆಗಳಿಗೆ ಹನ್ನೆರಡನೆಯದರ 18. ಹಿಂದೆ ಮುಂದೆ ಪುಟ ತಿರುವಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೇ ಅದು ತಲೆಗೆ ಹತ್ತುವುದು. ಇಂಥವೆಲ್ಲ ಕಾಗದಕ್ಕೆ. ಮೈಸೂರು ಯುದ್ಧಗಳ ಇಸವಿಗಳು (1767–69, 1780–84, 1790–92, 1799), ಹಳೆಯ ಪ್ರಶ್ನೆಪತ್ರಿಕೆ, ಒಂದು ಅಂಕದ ಪ್ರಶ್ನೆಗಳು ಮೊಬೈಲಿಗೆ. ರೈಲಿನಲ್ಲಿ ಒಂದು ಕೈ ಮೇಲಿನ ಹಿಡಿಯಲ್ಲಿದ್ದರೆ ಇನ್ನೊಂದರಲ್ಲಿ ಇಷ್ಟನ್ನು ನೋಡಬಹುದು. ಕ್ಯಾತ್ಸಂದ್ರದಲ್ಲಿ ಹತ್ತುವ ಒಬ್ಬರು ಯಶವಂತಪುರ ಬರುವಷ್ಟರಲ್ಲಿ ಒಂದು ಪ್ರಶ್ನೆಪತ್ರಿಕೆಯನ್ನು ಮನಸ್ಸಿನಲ್ಲೇ ಉತ್ತರಿಸಿ ಮುಗಿಸುತ್ತಾರಂತೆ.

ಪಾವಗಡ ಕಡೆಯ ಕೆಲವರ ಮನೆಮಾತು ತೆಲುಗು. ಕನ್ನಡ ಆಡುತ್ತಾರೆ, ಓದು ನಿಧಾನ. ಅವರಿಗಾಗಿ ಪಾಠವನ್ನು ನಾನೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿದೆ. ಅವರು ಅದನ್ನು ಕಿವಿಗಿಟ್ಟುಕೊಂಡು ಪುಸ್ತಿಕೆಯ ಸಾಲಿನ ಮೇಲೆ ಬೆರಳಾಡಿಸುತ್ತಾ ಓದುತ್ತಾರೆ. ಇವರು ಅಚ್ಚಿನವರೋ ಮೊಬೈಲಿನವರೋ? ಈಗ ಪ್ರತಿ ಪುಸ್ತಿಕೆಯ ಕೊನೆಯ ಪುಟದಲ್ಲಿ ಆ ಧ್ವನಿಗೆ ಒಂದು ಕ್ಯೂಆರ್ ಕೋಡ್ ಇದೆ. ಕನ್ನಡ ಸರಾಗವಾಗಿ ಓದುವವರೂ ರೊಟ್ಟಿ ತಟ್ಟುವಾಗ ಅದನ್ನು ಕೇಳುತ್ತಾರೆಂದು ಆಮೇಲೆ ತಿಳಿಯಿತು.

ಝೆರಾಕ್ಸ್ ಖರ್ಚು ಅವರದ್ದೇ. ಆದ್ದರಿಂದ ಇಡೀ ಸೆಟ್ ಕೊಳ್ಳಲೇಬೇಕು ಎಂದಿಲ್ಲ, ಘಟಕವಾರು ಪಟ್ಟಿಯಲ್ಲಿ ಬೇಕಾದವರು ಹೆಸರು ಬರೆಯುತ್ತಾರೆ. ತಿದ್ದುಪಡಿಗಳ ಘಟಕಕ್ಕೆ ತರಗತಿಯ ಬಹುತೇಕ ಎಲ್ಲರ ಹೆಸರೂ ಇರುತ್ತದೆ. ಮೈಸೂರು ಯುದ್ಧಗಳಿಗೆ ಬರೆಸುವವರು ಒಬ್ಬಿಬ್ಬರು, ಅದೂ ಸಂಜೆ ಮೊಬೈಲು ಕೈಗೆ ಸಿಗದವರು.