ಪ್ರೈಮರ್ ಕೂರಿಸುವ ಕೈ ಉಪಕರಣ: ಆಯ್ಕೆ ಹೇಗೆ?

ರೈಫಲ್‌ನ ಖಾಲಿ ಕೇಸ್‌ಗಳನ್ನು ಮತ್ತೆ ತುಂಬುವ ರೀಲೋಡಿಂಗ್ ಕೆಲಸದಲ್ಲಿ ಮದ್ದಿನ ತೂಕದ ಬಗ್ಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ. ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪ್ರೈಮರ್ ಅನ್ನು ಕೇಸಿನ ಹಿಂಬದಿಯಲ್ಲಿ ಕೂರಿಸುವುದನ್ನು ಮಾತ್ರ ಒಂದು ಒತ್ತಿನ ಕೆಲಸವೆಂದು ಬೇಗ ಮುಗಿಸಿಬಿಡುತ್ತಾರೆ. ಕೇಸನ್ನು ಮತ್ತೆ ಅಳತೆಗೆ ತರುವ ಯಂತ್ರವಾದ ಪ್ರೆಸ್‌ನಲ್ಲೇ ಅದನ್ನು ಮಾಡಬಹುದು, ನಿಜ. ಆದರೆ ಪ್ರೆಸ್‌ನ ಉದ್ದ ಹಿಡಿಕೆ ಇರುವುದು ಕೇಸನ್ನು ಡೈ ಎಂಬ ಅಚ್ಚಿನೊಳಗೆ ನುಗ್ಗಿಸುವ ಬಲಕ್ಕಾಗಿ. ಅಷ್ಟು ಬಲದ ಹಿಂದೆ, ಪ್ರೈಮರ್ ತಳ ಮುಟ್ಟಿದ ಆ ಸಣ್ಣ ತಡೆ ಕೈಗೆ ಗೊತ್ತೇ ಆಗುವುದಿಲ್ಲ. ಅದನ್ನು ಬೆರಳಿಗೆ ತಿಳಿಸುವುದೇ ಕೈ ಉಪಕರಣದ ಕೆಲಸ. ಹಾಗಾಗಿ ಗಂಟೆಗೆ ಎಷ್ಟು ಕೇಸ್ ಮುಗಿಯುತ್ತವೆ ಎಂಬ ಲೆಕ್ಕವನ್ನು ಕೊಳ್ಳುವಾಗ ಕೊನೆಗಿಡಿ.

ತಳ ಮುಟ್ಟುವುದು ಯಾಕೆ ಇಷ್ಟು ಮುಖ್ಯ? ಪ್ರೈಮರ್ ಎಂದರೆ ಒಂದು ಪುಟ್ಟ ಲೋಹದ ಬಟ್ಟಲು, ಅದರೊಳಗೆ ಹೊಡೆತಕ್ಕೆ ಸಿಡಿಯುವ ಮಿಶ್ರಣ, ಅದರ ಮೇಲೆ ಕಾಲುಗಳಿರುವ ಅಡಿಗಲ್ಲು. ಆ ಕಾಲುಗಳು ಪಾಕೆಟ್‌ನ, ಅಂದರೆ ಕೇಸಿನ ಹಿಂಬದಿಯಲ್ಲಿ ಪ್ರೈಮರ್ ಕೂರುವ ಕುಳಿಯ, ತಳಕ್ಕೆ ಗಟ್ಟಿಯಾಗಿ ಊರಿದರೆ ಮಾತ್ರ ಫೈರಿಂಗ್ ಪಿನ್‌ನ ಪೆಟ್ಟು ಮಿಶ್ರಣಕ್ಕೆ ಪೂರ್ತಿ ತಲುಪುತ್ತದೆ. ಮೇಲೆಯೇ ನಿಂತ ಪ್ರೈಮರ್‌ನಲ್ಲಿ ಮೊದಲ ಪೆಟ್ಟು ಅದನ್ನು ಒಳಗೆ ತಳ್ಳುವುದರಲ್ಲೇ ಖರ್ಚಾಗಿ ಗುಂಡು ಹಾರದೇ ಹೋಗಬಹುದು. ಫೈರಿಂಗ್ ಪಿನ್ ಸಡಿಲವಾಗಿ ಓಡಾಡುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳಲ್ಲಿ ಅಪಾಯ ಇನ್ನೂ ದೊಡ್ಡದು: ಟ್ರಿಗರ್ ಮುಟ್ಟದೆಯೇ, ಬೋಲ್ಟ್ ಮುಚ್ಚಿದ ರಭಸಕ್ಕೆ ಸಿಡಿದೀತು. ಸರಿಯಾಗಿ ಕೂತ ಪ್ರೈಮರ್ ಕೇಸಿನ ಹಿಂಬದಿಯ ಮಟ್ಟಕ್ಕಿಂತ ಸಾಮಾನ್ಯವಾಗಿ 0.003ರಿಂದ 0.005 ಇಂಚು, ಅಂದರೆ ಸುಮಾರು 0.1 ಮಿ.ಮೀ. ಒಳಗಿರುತ್ತದೆ.

ಮೊದಲು ನಿಮ್ಮ ಕೇಸ್ ನೋಡಿಕೊಳ್ಳಿ. ರೈಫಲ್ ಪ್ರೈಮರ್‌ನಲ್ಲಿ ಎರಡು ಅಳತೆ: ದೊಡ್ಡದರ ವ್ಯಾಸ ಸುಮಾರು 0.210 ಇಂಚು, ಚಿಕ್ಕದರದು 0.175. .308 ವಿಂಚೆಸ್ಟರ್, .30-06 ಕೇಸ್‌ಗಳಿಗೆ ಸಾಮಾನ್ಯವಾಗಿ ದೊಡ್ಡದು, .223 ರೆಮಿಂಗ್ಟನ್‌ಗೆ ಚಿಕ್ಕದು. 6.5 ಕ್ರೀಡ್‌ಮೋರ್ ಕೇಸ್‌ಗಳು ಎರಡೂ ಬಗೆಯಲ್ಲಿ ಸಿಗುತ್ತವೆ. ಪ್ರೈಮರನ್ನು ಒಳಗೊತ್ತುವ, ಎರಡೂ ಅಳತೆಯ ಕಡ್ಡಿಗಳು ಉಪಕರಣದ ಜೊತೆಗೇ ಬರುತ್ತವೆಯೇ, ಬದಲಾಯಿಸುವುದು ಸುಲಭವೇ ಎಂದು ಕೇಳಿ. ಇಲ್ಲಿ ಹೇಳುತ್ತಿರುವುದೆಲ್ಲ ನಡುವೆ ಒಂದೇ ತೂತಿರುವ ಬಾಕ್ಸರ್ ಕೇಸ್‌ಗಳ ವಿಚಾರ. ಒಳಗೆ ಇಣುಕಿದಾಗ ಎರಡು ತೂತು ಕಂಡರೆ ಅದು ಬರ್ಡನ್ ಕೇಸ್. ಅದರಲ್ಲಿ ಅಡಿಗಲ್ಲು ಕೇಸಿಗೇ ಸೇರಿದ್ದು, ಅಂಥ ಕೇಸನ್ನು ಬದಿಗಿಡಿ. ಅಮೆರಿಕದ ಬರ್ಡನ್ ಕಂಡುಹಿಡಿದ ಪದ್ಧತಿ ಯುರೋಪಿನಲ್ಲಿ ನೆಲೆಯೂರಿ, ಬ್ರಿಟನ್ನಿನ ಬಾಕ್ಸರ್‌ನದು ಅಮೆರಿಕದಲ್ಲಿ ಬೇರೂರಿದ್ದು ಈ ಕಸುಬಿನ ಒಂದು ಸ್ವಾರಸ್ಯ.

ಆಮೇಲೆ ಪ್ರೈಮರ್‌ಗಳನ್ನು ಸುರಿದಿಡುವ ಟ್ರೇ. ನನ್ನ ಮಟ್ಟಿಗೆ ಕೊಳ್ಳುವ ನಿರ್ಧಾರ ಆಗಬೇಕಾದದ್ದು ಇಲ್ಲೇ. ಒತ್ತುವಾಗ ಒಂದು ಪ್ರೈಮರ್ ಸಿಡಿದರೆ ಪಕ್ಕದ ಟ್ರೇನಲ್ಲಿ ನೂರು ಪ್ರೈಮರ್‌ಗಳು ಕಾದಿರುತ್ತವೆ. ಒಂದರ ಬೆಂಕಿ ಇನ್ನೊಂದಕ್ಕೆ ತಗುಲಿದರೆ ಎಲ್ಲವೂ ಒಟ್ಟಿಗೆ ಸಿಡಿಯಬಹುದು. ಒತ್ತುತ್ತಿರುವ ಪ್ರೈಮರ್‌ಗೂ ಟ್ರೇಗೂ ನಡುವೆ ಪ್ರತಿ ಒತ್ತಿಗೂ ತಾನಾಗಿ ಅಡ್ಡ ಬರುವ ಲೋಹದ ತಡೆ ಇದೆಯೇ ನೋಡಿ. ಇಲ್ಲದಿದ್ದರೆ ಆ ಉಪಕರಣ ಬೇಡ. ಕೆಲವು ತಯಾರಕರು ಯಾವ ಕಂಪನಿಯ ಪ್ರೈಮರ್ ಬಳಸಬಹುದು, ಯಾವುದು ಕೂಡದು ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ, ಅದನ್ನು ಮೀರಬೇಡಿ. ಫೆಡರಲ್ ಕಂಪನಿಯ ಪ್ರೈಮರ್‌ಗಳ ಪೆಟ್ಟಿಗೆ ಉಳಿದವಕ್ಕಿಂತ ದೊಡ್ಡದು, ಆದ್ದರಿಂದ ಅದನ್ನು ನೇರವಾಗಿ ಮಗುಚಲು ಟ್ರೇ ಅಗಲವಾಗಿರಬೇಕು. ಟ್ರೇಯೇ ಇಲ್ಲದೆ ಒಂದೊಂದಾಗಿ ಇಡುವ ಉಪಕರಣಗಳೂ ಇವೆ. ಅವು ನಿಧಾನ, ಆದರೆ ದೂರದ ಗುರಿಗೆ ಕೆಲವೇ ಗುಂಡು ತಯಾರಿಸುವವರಿಗೆ ನಾನು ಅವನ್ನೇ ಹೇಳುತ್ತೇನೆ.

ಕೇಸ್ ಹಿಡಿಯುವ ಭಾಗ. ಪ್ರೆಸ್‌ನ ಶೆಲ್ ಹೋಲ್ಡರ್‌ಗಳೇ ಇದಕ್ಕೂ ಹೊಂದಿದರೆ ಖರ್ಚು ಉಳಿಯುತ್ತದೆ. ಕೆಲವಕ್ಕೆ, ಉದಾಹರಣೆಗೆ ಲೀ ಕಂಪನಿಯ ಕೈ ಉಪಕರಣಗಳಿಗೆ, ಬೇರೆಯದೇ ಹೋಲ್ಡರ್ ಬೇಕು. ಆರ್‌ಸಿಬಿಎಸ್‌ನ ಯೂನಿವರ್ಸಲ್ ಮಾದರಿಯಲ್ಲಿ ಹೋಲ್ಡರೇ ಇಲ್ಲ. ದವಡೆಗಳು ಕೇಸಿನ ಅಂಚನ್ನು ಕಚ್ಚಿ ಹಿಡಿಯುತ್ತವೆ. ಹಲವು ಬಗೆಯ ಕೇಸ್ ತುಂಬುವವರಿಗೆ ಅದು ಅನುಕೂಲ. .308, .30-06, .243, 6.5 ಕ್ರೀಡ್‌ಮೋರ್ ಇಷ್ಟೇ ನಿಮ್ಮ ಪಟ್ಟಿಯಾದರೆ ಎಲ್ಲಕ್ಕೂ ಒಂದೇ ಅಳತೆಯ ಹೋಲ್ಡರ್ ಸಾಕು.

ಹಿಡಿಕೆ. ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ಖಾಲಿಯಾಗಿಯೇ ಹತ್ತಾರು ಸಲ ಒತ್ತಿ. ಹೆಬ್ಬೆರಳಿನಿಂದ ಒತ್ತುವ ಮಾದರಿ ತಡೆಯನ್ನು ಚೆನ್ನಾಗಿ ತಿಳಿಸುತ್ತದೆ, ಆದರೆ ನೂರು ಕೇಸ್ ಮುಗಿಯುವ ಹೊತ್ತಿಗೆ ಬೆರಳು ನೋಯುತ್ತದೆ. ಇಡೀ ಅಂಗೈಯಿಂದ ಹಿಸುಕುವ ಮಾದರಿಯಲ್ಲಿ ಆಯಾಸ ಕಡಿಮೆ. ಕೀಲಿನ ನೋವಿರುವವರು ಇದನ್ನೇ ಆರಿಸಲಿ, ಅಥವಾ ಮೇಜಿಗೆ ಬಿಗಿಯುವ ಉಪಕರಣಕ್ಕೆ ಹೋಗಲಿ.

ಆಳ ಹೊಂದಿಸುವ ಸೌಲಭ್ಯ ಇರುವವು ದುಬಾರಿ. ಎಲ್ಲ ಪಾಕೆಟ್‌ಗಳನ್ನೂ ಒಂದೇ ಆಳಕ್ಕೆ ಕೆತ್ತಿ ಸಮ ಮಾಡಿಕೊಂಡವರಿಗೆ ಅದರಿಂದ ಲಾಭವಿದೆ. ಪಾಕೆಟ್‌ಗಳೇ ಒಂದೊಂದು ಆಳಕ್ಕಿದ್ದರೆ ನಿಗದಿ ಮಾಡಿದ ಆಳ ಒಂದರಲ್ಲಿ ತಳ ಮುಟ್ಟಿ, ಇನ್ನೊಂದರಲ್ಲಿ ಮುಟ್ಟದೆ ಉಳಿಯುತ್ತದೆ. ಅಂಥಲ್ಲಿ ಬೆರಳನ್ನೇ ನಂಬಬೇಕು.

ಕೊನೆಗೆ ಪರೀಕ್ಷೆ. ಮದ್ದು ತುಂಬಿಸದ, ಸ್ವಚ್ಛ ಮಾಡಿದ ಕೆಲವು ಕೇಸ್ ತೆಗೆದುಕೊಳ್ಳಿ. ಕಣ್ಣಿಗೆ ಸುರಕ್ಷಾ ಕನ್ನಡಕ ಇರಲಿ, ಪ್ರೈಮರ್‌ಗೆ ಎಣ್ಣೆಗೈ ತಾಗದಿರಲಿ. ಸೇನೆಯ ಕೇಸ್‌ಗಳಲ್ಲಿ ಪಾಕೆಟ್‌ನ ಅಂಚನ್ನು ಒಳಕ್ಕೆ ಮಡಿಸಿರುತ್ತಾರೆ, ಅದನ್ನು ಮೊದಲೇ ತೆಗೆದಿರಬೇಕು. ಒತ್ತುವಾಗ ಪ್ರೈಮರ್ ಅಡ್ಡವಾಗಿ ಸಿಕ್ಕಿಕೊಂಡರೆ ಬಲ ಹಾಕಲೇಬೇಡಿ. ನಿಲ್ಲಿಸಿ, ಟ್ರೇ ದೂರವಿಟ್ಟು, ಕೇಸನ್ನು ನಿಧಾನವಾಗಿ ಬಿಡಿಸಿ. ಕೂತ ಪ್ರೈಮರ್ ಮೇಲೆ ಬೆರಳಾಡಿಸಿದರೆ ಸ್ವಲ್ಪ ತಗ್ಗು ಗೊತ್ತಾಗಬೇಕು. ಕ್ಯಾಲಿಪರ್‌ನ ಆಳದ ಕಡ್ಡಿಯಿಂದ ಅಳೆದೂ ನೋಡಿ. ಬಳಸಿ ಉಳಿದ ಪ್ರೈಮರ್‌ಗಳು ಅವುಗಳ ಮೂಲ ಪೆಟ್ಟಿಗೆಗೇ ಹೋಗಬೇಕು. ಹೆಚ್ಚಿನ ಪ್ರೈಮರ್‌ಗಳಲ್ಲಿ ಸೀಸದ ಸಂಯುಕ್ತ ಇರುವುದರಿಂದ ಕೆಲಸ ಮುಗಿದ ಕೂಡಲೇ ಕೈ ತೊಳೆಯಿರಿ. ಇದೆಲ್ಲ ನಿಮ್ಮಲ್ಲಿರುವ ಪರವಾನಗಿ ಮತ್ತು ಕಾನೂನಿನ ಮಿತಿಯೊಳಗೇ ನಡೆಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಒಳ್ಳೆಯ ಉಪಕರಣ ಕೆಲವು ದಿನ ಕೈಯಲ್ಲಿ ಪಳಗಿದ ಮೇಲೆ ಇನ್ನೊಂದು ಉಪಕಾರ ಮಾಡುತ್ತದೆ. ಹಲವು ಸಲ ಹಾರಿಸಿದ ಕೇಸ್‌ಗಳ ಪಾಕೆಟ್ ಹಿಗ್ಗಿರುತ್ತದೆ. ಅಂಥ ಕೇಸಿನಲ್ಲಿ ಪ್ರೈಮರ್ ತಡೆಯೇ ಇಲ್ಲದೆ ಜಾರಿ ಒಳಹೋಗುವುದು ಬೆರಳಿಗೆ ತಟ್ಟನೆ ಗೊತ್ತಾಗುತ್ತದೆ. ಆ ಕೇಸನ್ನು ಅಲ್ಲೇ ತೆಗೆದು ಗುಜರಿಗೆ ಹಾಕಿ.