ಊತ ಇಳಿಯಲಿ, ಆಮೇಲೆ ಕಸರತ್ತು: ಸವೆದ ಮಂಡಿಯೊಂದಿಗೆ ನನ್ನ ಅನುಭವ

ಮಂಡಿ ಸವೆದಿದೆ ಎಂದ ಕೂಡಲೇ ಎಲ್ಲರೂ ಕೇಳುವುದು ನೋವಿನ ಬಗ್ಗೆ. ನನಗೆ ನೋವಿಗಿಂತ ಹೆಚ್ಚು ತೊಂದರೆ ಕೊಟ್ಟಿದ್ದು ಊತ. ನಡೆಯುವಾಗ ಮಂಡಿ ತಕರಾರಿಲ್ಲದೆ ಜೊತೆಗೆ ಬರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಚಿಪ್ಪಿನ ಪಕ್ಕದ ಗುಳಿ ಮುಚ್ಚಿಹೋಗಿರುತ್ತದೆ, ಕಾಲು ಪೂರ್ತಿ ಮಡಚಲೂ ಆಗದು, ಪೂರ್ತಿ ಚಾಚಲೂ ಆಗದು. ಇದು ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಹೀಗಿದ್ದೂ ನಡಿಗೆ, ಸೈಕಲ್, ಬೆಟ್ಟ ಹತ್ತುವುದು ಯಾವುದನ್ನೂ ನಾನು ಬಿಟ್ಟಿಲ್ಲ. ನೋವಿನ ಮಾತಿಗಿಂತ ಊತದ ಮಾತಿಗೆ ಹೆಚ್ಚು ಬೆಲೆ ಕೊಟ್ಟಿದ್ದರಿಂದಲೇ ಇದು ಸಾಧ್ಯವಾಯಿತು ಎಂದು ನಂಬಿದ್ದೇನೆ.

ಮೊದಲು ರೋಗ ಯಾವುದೆಂದು ಖಚಿತವಾಗಬೇಕು. ಊದಿದ ಮಂಡಿಯೆಲ್ಲ ಸವೆತದ ಮಂಡಿಯಲ್ಲ. ಗೌಟ್ (ಕೀಲಿನಲ್ಲಿ ಯೂರಿಕ್ ಆಮ್ಲದ ಹರಳುಗಳು ಸೇರುವ ರೋಗ), ಸಂಧಿವಾತ, ಕೀಲಿನೊಳಗಿನ ಸೋಂಕು ಎಲ್ಲವೂ ಹೊರಗಿನಿಂದ ಹೀಗೇ ಕಾಣಬಹುದು. ಮಂಡಿ ತುಂಬಾ ಊದಿಕೊಂಡಾಗ ಮೂಳೆ ತಜ್ಞರು ಸೂಜಿಯಿಂದ ನೀರು ತೆಗೆದು ಪರೀಕ್ಷೆಗೆ ಕಳುಹಿಸಿದರು. ನೀರು ತಿಳಿಯಾಗಿ, ಒಣಹುಲ್ಲಿನ ಬಣ್ಣದಲ್ಲಿತ್ತು. ಬಿಳಿ ರಕ್ತಕಣಗಳ ಸಂಖ್ಯೆ ಒಂದು ಮೈಕ್ರೋಲೀಟರಿಗೆ 2000ಕ್ಕಿಂತ ಕಡಿಮೆಯಿತ್ತು, ಹರಳುಗಳು ಕಾಣಲಿಲ್ಲ. ಸವೆತದ ನೀರು ಸಾಮಾನ್ಯವಾಗಿ ಇರುವುದೇ ಹೀಗೆ. ಮಂಡಿ ಕೆಂಪಾಗಿ ಸುಡುತ್ತಿದ್ದರೆ, ಜ್ವರ ಬಂದಿದ್ದರೆ, ಕಾಲೂರಲೂ ಆಗದಿದ್ದರೆ ಮನೆಯಲ್ಲಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಏಕೆಂದರೆ ಸೋಂಕು ಕೀಲನ್ನು ಬಹಳ ಬೇಗ ಹಾಳುಮಾಡುತ್ತದೆ.

ಎಕ್ಸ್‌ರೇಯಲ್ಲಿ ನನ್ನದು ಮೂರನೆಯ ಹಂತ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದ ಅಳತೆಯಲ್ಲಿ 0ಯಿಂದ 4ರವರೆಗೆ ಹಂತಗಳಿವೆ, ಇಂದಿಗೂ ಅದೇ ಬಳಕೆಯಲ್ಲಿದೆ. ಆ ಅಂಕಿ ಕೇಳಿ ಯಾರೂ ಕುಸಿಯಬೇಕಾಗಿಲ್ಲ. ಚಿತ್ರದಲ್ಲಿ ಕಾಣುವ ಸವೆತಕ್ಕೂ ಮನುಷ್ಯ ಪಡುವ ನೋವಿಗೂ ತಾಳೆಯಾಗದಿರುವುದು ಸಾಮಾನ್ಯ. ನಾಲ್ಕನೆಯ ಹಂತದವರು ಓಡಾಡಿಕೊಂಡಿರುತ್ತಾರೆ, ಎರಡನೆಯ ಹಂತದವರಿಗೆ ಮೆಟ್ಟಿಲು ಹತ್ತುವುದೇ ಕಷ್ಟವಾಗಿರುತ್ತದೆ.

ಈ ನೀರು ಬರುವುದೆಲ್ಲಿಂದ? ಮೂಳೆಯ ತುದಿಯಲ್ಲಿರುವ ಮೃದ್ವಸ್ಥಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಅದು ಸವೆಯುವಾಗ ನಮಗೆ ಗೊತ್ತಾಗುವುದಿಲ್ಲ. ಉದುರಿದ ಚೂರುಗಳು ಕೀಲಿನ ಒಳಪೊರೆಯನ್ನು ಕೆರಳಿಸುತ್ತವೆ, ಕೆರಳಿದ ಪೊರೆ ಹೆಚ್ಚು ನೀರು ಸುರಿಸುತ್ತದೆ. ಆರೋಗ್ಯವಾದ ಮಂಡಿಯಲ್ಲಿರುವುದು ಕೆಲವೇ ಮಿಲಿಲೀಟರ್ ದ್ರವ. ಸಂಶೋಧಕರು ಒಳ್ಳೆಯ ಮಂಡಿಗೇ ಉಪ್ಪುನೀರು ತುಂಬಿಸಿ ನೋಡಿದ್ದಾರೆ: 20ರಿಂದ 30 ಮಿಲಿಲೀಟರ್ ಸೇರಿದರೆ ಸಾಕು, ಮಂಡಿಚಿಪ್ಪಿನ ಒಳಬದಿಗೆ ಹಿಡಿದುಕೊಂಡಿರುವ ತೊಡೆಯ ಸ್ನಾಯು ಮಂಕಾಗುತ್ತದೆ. ನೋವೇ ಇಲ್ಲದಿದ್ದರೂ ಹೀಗಾಗುತ್ತದೆ. ಕೀಲು ಉಬ್ಬಿದೆ ಎಂಬ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿಂದ ಸ್ನಾಯುವಿಗೆ ಬರುವ ಆಜ್ಞೆ ಕಡಿಮೆಯಾಗುತ್ತದೆ.

ಇದು ತಿಳಿದ ಮೇಲೆ ನನಗೆ ಬಹಳಷ್ಟು ಅರ್ಥವಾಯಿತು. ಮೆಟ್ಟಿಲು ಇಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಡುತ್ತಿದ್ದುದು ಇದರಿಂದಲೇ. ಊದಿದ ಮಂಡಿಯ ಮೇಲೆ ಎಷ್ಟು ಕಸರತ್ತು ಮಾಡಿದರೂ ತೊಡೆ ಬಲಿಯದಿರುವುದಕ್ಕೂ ಇದೇ ಕಾರಣ. ಎಚ್ಚರವಾಗದ ಸ್ನಾಯುವನ್ನು ಬಲಪಡಿಸುವುದು ಹೇಗೆ? ತೊಡೆ ಸೊರಗಿದಷ್ಟೂ ಭಾರ ಕೀಲಿನ ಮೇಲೆ ಬೀಳುತ್ತದೆ, ಕೀಲು ಇನ್ನಷ್ಟು ಕೆರಳುತ್ತದೆ. ಈ ಸುತ್ತನ್ನು ಮುರಿಯುವ ಜಾಗ ಊತವೇ.

ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಮಂಡಿ ನೋಡುತ್ತೇನೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಪರೀಕ್ಷೆ ಸುಲಭದ್ದು. ಕಾಲು ಚಾಚಿ, ತೊಡೆ ಸಡಿಲ ಬಿಟ್ಟು ಕೂರಬೇಕು. ಮಂಡಿಯ ಒಳಬದಿಯಲ್ಲಿ ಅಂಗೈಯಿಂದ ಕೆಳಗಿನಿಂದ ತೊಡೆಯ ಕಡೆಗೆ ಎರಡು ಮೂರು ಸಲ ಸವರಬೇಕು, ಅಲ್ಲಿನ ನೀರು ಮೇಲೆ ಸರಿಯುತ್ತದೆ. ಆಮೇಲೆ ಹೊರಬದಿಯಲ್ಲಿ ತೊಡೆಯಿಂದ ಕೆಳಕ್ಕೆ ಒಮ್ಮೆ ಸವರಿ, ಒಳಬದಿಯ ಗುಳಿಯನ್ನೇ ನೋಡುತ್ತಿರಬೇಕು. ಏನೂ ಉಬ್ಬದಿದ್ದರೆ ಒಳ್ಳೆಯ ದಿನ. ಸಣ್ಣ ಅಲೆಯಂತೆ ಉಬ್ಬಿದರೆ ಸ್ವಲ್ಪ ನೀರಿದೆ. ಹೊರಬದಿ ಸವರುವ ಮೊದಲೇ ಗುಳಿ ತಾನಾಗಿ ತುಂಬಿಕೊಂಡರೆ ಹೆಚ್ಚಿದೆ. ಸವರಿದರೂ ನೀರು ಜಾಗ ಬಿಟ್ಟು ಕದಲದಿದ್ದರೆ ತುಂಬಾ ಇದೆ. ಆಗ ಅಲೆ ಕಾಣುವುದೇ ಇಲ್ಲ, ಹಾಗೆಂದು ಮಂಡಿ ಚೆನ್ನಾಗಿದೆ ಎಂದುಕೊಳ್ಳಬಾರದು. ಎರಡೂ ಮಂಡಿಗಳನ್ನು ಹೋಲಿಸಿ ನೋಡಿದರೆ ಕಣ್ಣು ಬೇಗ ಪಳಗುತ್ತದೆ. ಕಂಡದ್ದನ್ನು ಹಿಂದಿನ ದಿನದ ಓಡಾಟದ ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನ ಮಂಡಿಗೆ ಸಮತಟ್ಟಾದ ದೂರ ಒಗ್ಗುತ್ತದೆ, ಉದ್ದನೆಯ ಇಳಿಜಾರು ಒಗ್ಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಪುಸ್ತಕದಿಂದ. ಯಾವ ಸ್ಕ್ಯಾನೂ ಅದನ್ನು ಹೇಳಿರಲಿಲ್ಲ.

ಊದಿದ ದಿನಗಳಲ್ಲಿ ಹಾಸಿಗೆ ಹಿಡಿಯುವುದಿಲ್ಲ, ಹಟ ಹಿಡಿದು ನಡೆಯುವುದೂ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15ರಿಂದ 20 ನಿಮಿಷ ಇಡುತ್ತೇನೆ, ಎಲಾಸ್ಟಿಕ್ ನೀ-ಕ್ಯಾಪ್ ಹಾಕುತ್ತೇನೆ, ಕಾಲನ್ನು ಎತ್ತರದಲ್ಲಿಟ್ಟು ಮಲಗುತ್ತೇನೆ. ಇಲ್ಲಿ ಒಂದು ಎಚ್ಚರಿಕೆ. ಊದಿದ ಮಂಡಿಗೆ ಸ್ವಲ್ಪ ಬಾಗಿದ ಭಂಗಿಯೇ ಹಿತ, ಸುಮಾರು 30 ಡಿಗ್ರಿ ಬಾಗಿದಾಗ ಒಳಗಿನ ಒತ್ತಡ ಅತಿ ಕಡಿಮೆ. ಅದಕ್ಕೇ ಕೈ ತಾನಾಗಿ ಮಂಡಿಯ ಕೆಳಗೆ ದಿಂಬು ತುರುಕುತ್ತದೆ. ದಿನಗಟ್ಟಲೆ ಹಾಗೇ ಮಲಗಿದರೆ ಕಾಲು ಪೂರ್ತಿ ನೇರವಾಗುವುದೇ ನಿಂತುಹೋಗಬಹುದು, ಕುಂಟು ನಡಿಗೆ ಖಾಯಂ ಆಗಬಹುದು. ನಾನು ದಿಂಬನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯ ಹಿಂಭಾಗವನ್ನು ಕೆಳಕ್ಕೆ ಒತ್ತಿ ತೊಡೆ ಬಿಗಿಹಿಡಿದು ಬಿಡುತ್ತೇನೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ನಿಧಾನ ಮಡಚಿ ಚಾಚುತ್ತೇನೆ. ಭಾರವಿಲ್ಲದ ಈ ಚಲನೆ ಮಂಡಿಗೆ ಬೇಕೇ ಬೇಕು.

ಹೊರಗೆ ಹೋಗಲೇಬೇಕಾದರೆ ಕೋಲು ಹಿಡಿಯುತ್ತೇನೆ, ನೋವಿರುವ ಕಾಲಿನ ಎದುರು ಕೈಯಲ್ಲಿ. ಬಲ ಮಂಡಿಗೆ ಎಡಗೈ. ಹಲವರು ಅದೇ ಬದಿಯಲ್ಲಿ ಹಿಡಿದು ಕೀಲಿನ ಮೇಲೆಯೇ ವಾಲುತ್ತಾರೆ, ಅದನ್ನು ಕಂಡಾಗಲೆಲ್ಲ ನಿಲ್ಲಿಸಿ ಹೇಳೋಣ ಅನ್ನಿಸುತ್ತದೆ. ಔಷಧಿಯಲ್ಲಿ ನನಗೆ ಮೊದಲ ಆಯ್ಕೆ ಹಚ್ಚುವ ಡೈಕ್ಲೋಫೆನಾಕ್ ಜೆಲ್. ಅದೇ ಜಾತಿಯ ನುಂಗುವ ಮಾತ್ರೆ ಹೊಟ್ಟೆ, ಮೂತ್ರಪಿಂಡ, ಹೃದಯಕ್ಕೆ ತೊಂದರೆ ಕೊಡಬಲ್ಲದು, ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದಿಲ್ಲ.

ಗುಳಿ ಮತ್ತೆ ಕಾಣಿಸಿಕೊಂಡ ಮೇಲೆ ನಿಜವಾದ ಕೆಲಸ ಶುರು. ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವಾಗ ಇನ್ನೂ ನಿಧಾನವಾಗಿ ಇಳಿಯುವುದು. ತಗ್ಗಿನ ಮೆಟ್ಟಿಲೊಂದನ್ನು ಹತ್ತಿ ಇಳಿಯುವುದು. ಪಕ್ಕಕ್ಕೆ ಮಲಗಿ ಮೇಲಿನ ಕಾಲೆತ್ತುವುದು, ಏಕೆಂದರೆ ಸೊಂಟದ ಪಕ್ಕದ ಸ್ನಾಯು ಸೋತರೆ ಮಂಡಿ ಒಳಕ್ಕೆ ವಾಲುತ್ತದೆ. ವಾರಕ್ಕೆ ಎರಡು ಮೂರು ಸಲ ಸಾಕು, ನಡುವೆ ಬಿಡುವು ಬೇಕು. ಎಷ್ಟು ನೋವು ತಡೆದುಕೊಳ್ಳಬಹುದು ಎಂಬುದಕ್ಕೆ ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾದ ಗ್ಲ್ಯಾಡ್ ಎಂಬ ವ್ಯಾಯಾಮ ಕಾರ್ಯಕ್ರಮದ ಅಳತೆ ನನಗೆ ಹಿಡಿಸಿದೆ: ಹತ್ತರಲ್ಲಿ ಎರಡರವರೆಗೆ ಚಿಂತೆಯಿಲ್ಲ, ಐದರವರೆಗೆ ಸಹಿಸಬಹುದು, ಅದಕ್ಕೆ ಮೇಲಾದರೆ ತಗ್ಗಿಸಬೇಕು, ಹೆಚ್ಚಿದ ನೋವು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇದಕ್ಕೆ ನನ್ನದೊಂದು ಸೇರ್ಪಡೆ ಇದೆ. ನೋವು ಇಳಿದಿದ್ದರೂ ಬೆಳಿಗ್ಗೆ ಗುಳಿ ತುಂಬಿದ್ದರೆ ಮುಂದಿನ ಸಲ ಪ್ರಮಾಣ ಕಡಿಮೆ ಮಾಡುತ್ತೇನೆ, ಪೂರ್ತಿ ನಿಲ್ಲಿಸುವುದಿಲ್ಲ. ದೂರ, ವೇಗ, ಏರು ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಏರಿಸುತ್ತೇನೆ. ಮೂರನ್ನೂ ಒಟ್ಟಿಗೆ ಏರಿಸಿದರೆ ಊದಿಸಿದ್ದು ಯಾವುದೆಂದು ತಿಳಿಯುವುದಾದರೂ ಹೇಗೆ?

ಸೈಕಲ್ ನನ್ನ ಮಂಡಿಗೆ ನಡಿಗೆಗಿಂತ ಹಗುರ. ಸೀಟು ಮಾತ್ರ ಎತ್ತರವಿರಬೇಕು: ಪೆಡಲ್ ಪೂರ್ತಿ ಕೆಳಗಿರುವಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿದ್ದರೆ ಸರಿ. ಎದೆಮಟ್ಟದ ನೀರಿನಲ್ಲಿ ನಡೆಯುವುದೂ ಒಳ್ಳೆಯದು, ದೇಹದ ಭಾರದ ಬಹುಪಾಲನ್ನು ನೀರೇ ಹೊರುತ್ತದೆ. ಬೆಟ್ಟ ಇಳಿಯುವಾಗ ಎರಡೂ ಕೈಯಲ್ಲಿ ಕೋಲು, ಸಣ್ಣ ಹೆಜ್ಜೆ. ತೂಕದ ಮಾತೂ ಇದೆ. ತೂಕ ಇಳಿಸಿದವರ ನಡಿಗೆಯನ್ನು ಅಳೆದ 2005ರ ಅಧ್ಯಯನದಲ್ಲಿ, ಇಳಿದ ಪ್ರತಿ ಕಿಲೋಗೆ ಮಂಡಿಯ ಮೇಲಿನ ಹೊರೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕಿಲೋ ಇಳಿದಿತ್ತು.

ಸ್ಟೆರಾಯ್ಡ್ ಚುಚ್ಚುಮದ್ದು ತೀರಾ ಊದಿದಾಗ ಕೆಲ ವಾರ ನೆಮ್ಮದಿ ಕೊಡುತ್ತದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅಭ್ಯಾಸ ಮಾಡಿಕೊಳ್ಳಲು ಒಪ್ಪುವುದಿಲ್ಲ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು ವರ್ಷ 12 ವಾರಕ್ಕೊಮ್ಮೆ ಸ್ಟೆರಾಯ್ಡ್ ಪಡೆದವರಲ್ಲಿ, ಉಪ್ಪುನೀರು ಪಡೆದವರಿಗಿಂತ ಮೃದ್ವಸ್ಥಿ ಹೆಚ್ಚು ಸವೆದಿತ್ತು, ನೋವಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ದುರ್ಬೀನು ಹಾಕಿ ಕೀಲು ತೊಳೆಯುವ ಶಸ್ತ್ರಚಿಕಿತ್ಸೆ ಬರೀ ಚರ್ಮ ಕೊಯ್ದು ಹೊಲಿದ ನಟನೆಗಿಂತ ಹೆಚ್ಚು ಉಪಯೋಗವಾಗಲಿಲ್ಲ ಎಂದು 2002ರ ಪ್ರಯೋಗ ತೋರಿಸಿತು. ಸವೆತಕ್ಕಾಗಿ ಮಾತ್ರ ಅದನ್ನು ಮಾಡಿಸಿಕೊಳ್ಳಲು ನಾನು ಒಪ್ಪಲಾರೆ.

ನೀರು ಕೆಲವೊಮ್ಮೆ ಮಂಡಿಯ ಹಿಂದಕ್ಕೆ ತಳ್ಳಿಕೊಂಡು ಬೇಕರ್ ಸಿಸ್ಟ್ ಎಂಬ ಗುಳ್ಳೆಯಾಗುತ್ತದೆ. ನನಗೂ ಒಂದಿದೆ, ಮಂಡಿಯ ಮುಂಭಾಗದ ಊತ ಇಳಿದಾಗ ಅದೂ ಇಳಿಯುತ್ತದೆ. ಅದು ಒಡೆದರೆ ಮೀನಖಂಡ ಊದಿ ನೋಯುತ್ತದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಹೀಗೇ ಆಗುತ್ತದೆ. ಎರಡನ್ನೂ ಮನೆಯಲ್ಲಿ ಬೇರ್ಪಡಿಸಲಾಗದು, ತಡಮಾಡದೆ ಅಲ್ಟ್ರಾಸೌಂಡ್ ಮಾಡಿಸಬೇಕು.

ಮಂಡಿ ಬದಲಾವಣೆಯ ದಿನ ನನಗೂ ಬರಬಹುದು. ಅದನ್ನು ಸೋಲೆಂದು ನಾನು ಎಣಿಸುವುದಿಲ್ಲ. ರಾತ್ರಿ ನಿದ್ದೆ ಕೆಟ್ಟು, ಮನೆಯೊಳಗಿನ ಓಡಾಟವೂ ಕಷ್ಟವಾದಾಗ ಮಾತಾಡೋಣ ಎಂದು ವೈದ್ಯರೂ ನಾನೂ ಒಪ್ಪಿಕೊಂಡಿದ್ದೇವೆ. ಶಸ್ತ್ರಚಿಕಿತ್ಸೆಯ ನಂತರವೂ ನಡೆಸಬೇಕಾದದ್ದು ಇದೇ ತೊಡೆ, ಆದ್ದರಿಂದ ಕುರ್ಚಿಯ ಕಸರತ್ತು ಈ ವಾರವೂ ಇದೆ.