ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ಒಂದು ಹಾಡು

ನಾನು ಬಟ್ಟೆ ಹೊಲಿಯುವವಳು. ಒಂದು ಗಂಟೆ ಒಟ್ಟಿಗೆ ಬಿಡುವು ಸಿಗುವುದು ಅಪರೂಪ. ಆದರೆ ಐದು ನಿಮಿಷ, ಹತ್ತು ನಿಮಿಷ ದಿನಕ್ಕೆ ಬೇಕಾದಷ್ಟು ಸಲ ಸಿಗುತ್ತದೆ. ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವ ತನಕ, ಹೋದ ಕರೆಂಟು ಬರುವ ತನಕ, ಅಳತೆ ಕೊಡಲು ಬರುತ್ತೇನೆ ಎಂದವರು ಬರುವ ತನಕ. ಮೊದಲೆಲ್ಲ ಆ ಹೊತ್ತಿನಲ್ಲಿ ಫೋನ್ ತೆಗೆದು ಸುಮ್ನೆ ಬೆರಳಾಡಿಸುತ್ತಿದ್ದೆ. ಕೆಳಗಿಟ್ಟ ಮೇಲೆ ಏನು ನೋಡಿದೆ ಅನ್ನುವುದೇ ನೆನಪಿರುತ್ತಿರಲಿಲ್ಲ. ಈಗ ಆ ಚೂರುಪಾರು ಹೊತ್ತಿನಲ್ಲಿ ಒಂದು ಹಾಡು, ಒಂದು ಕತೆ, ಒಂದು ಪುಟ್ಟ ಚಿತ್ರ ಅಥವಾ ಒಂದು ಪದ್ಯ ಮುಗಿಸುತ್ತೇನೆ. ನನಗೆ ದಿನದ ಅತಿ ಇಷ್ಟದ ಹೊತ್ತು ಅದೇ. ನೀವೂ ಹೀಗೆ ಮಾಡಿ ನೋಡಿ.

ನಿಮಿಷ ಎಣಿಸುವ ಮೊದಲು ಕಣ್ಣು, ಕಿವಿ, ಕೈ, ಈ ಮೂರರಲ್ಲಿ ಯಾವುದು ಖಾಲಿ ಇದೆ ಅಂತ ನೋಡಿಕೊಳ್ಳಿ. ಗುಂಡಿ ಹಚ್ಚುವಾಗ ನನ್ನ ಕಣ್ಣೂ ಕೈಯೂ ಬಟ್ಟೆಯ ಮೇಲೆ ಇರುತ್ತವೆ. ಕಿವಿ ಮಾತ್ರ ಖಾಲಿ. ಕೈಗೆ ಪಳಗಿದ ಕೆಲಸ ಆದ್ದರಿಂದ ಮನಸ್ಸೂ ಅರ್ಧ ಖಾಲಿ. ಕತೆ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಂದು ಅಂಗಿಗೆ ಏಳು ಗುಂಡಿ. ನಾಲ್ಕನೆಯ ಗುಂಡಿಗೆ ಬರುವಷ್ಟರಲ್ಲಿ ಕತೆಯ ಜನ ಎಲ್ಲ ಪರಿಚಯವಾಗಿರುತ್ತಾರೆ. ಏಳನೆಯದರ ದಾರ ಕತ್ತರಿಸಿದ ಮೇಲೂ ಒಮ್ಮೊಮ್ಮೆ ಸೂಜಿ ಹಿಡಿದುಕೊಂಡೇ ಕೂತಿರುತ್ತೇನೆ, ಕತೆ ಮುಗಿಯಲಿ ಅಂತ.

ಮಿಷನ್ ತುಳಿಯುವಾಗ ಕತೆ ಹಾಕುವುದಿಲ್ಲ. ಆ ಸದ್ದಿಗೆ ಅರ್ಧ ಮಾತು ಹೋಗಿಬಿಡುತ್ತದೆ, ವಾಲ್ಯೂಮ್ ಜಾಸ್ತಿ ಮಾಡಿದರೆ ಕಿವಿಗೆ ಕಷ್ಟ. ಬಟ್ಟೆ ಕತ್ತರಿಸುವಾಗ ಅಂತೂ ಏನೂ ಬೇಡ. ಒಮ್ಮೆ ಪತ್ತೇದಾರಿ ಕತೆ ಕೇಳುತ್ತಾ ಕತ್ತರಿ ಆಡಿಸಿ, ಎರಡೂ ತೋಳನ್ನು ಬಲಗೈಗೇ ಕತ್ತರಿಸಿದ್ದೆ. ಅದೇ ಬಣ್ಣದ ಬಟ್ಟೆ ಮತ್ತೆ ಸಿಗಲಿಲ್ಲ. ಆಸೆಯಿಂದ ಬಟ್ಟೆ ಆರಿಸಿ ತಂದಿದ್ದ ಹುಡುಗಿಗೆ ಅದನ್ನು ಹೇಳುವಾಗ ನನಗೆ ತುಂಬಾ ನೋವಾಯಿತು. ಲೆಕ್ಕ ಹಾಕುವಾಗ, ರಸ್ತೆ ದಾಟುವಾಗ, ಗಾಡಿ ಓಡಿಸುವಾಗಲೂ ಅಷ್ಟೇ. ಕಿವಿಗೆ ಏನನ್ನೂ ಕೊಡಬೇಡಿ.

ಆಮೇಲೆ, ಆ ಬಿಡುವಿನಲ್ಲೇ ಮುಗಿಯುವಂಥದ್ದನ್ನು ಆರಿಸಿ. ದೊಡ್ಡದನ್ನು ತುಂಡು ಮಾಡುವುದಕ್ಕಿಂತ ಚಿಕ್ಕದಾಗಿಯೇ ಹುಟ್ಟಿದ್ದನ್ನು ಹುಡುಕುವುದು ಮೇಲು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳನ್ನೇ ನೋಡಿ. ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಬಲ್ಲವರೂ ರಾಗದ ತಿರುಳನ್ನು ಆ ಮೂರು ನಿಮಿಷದೊಳಗೆ ತಂದು ಕೂರಿಸಬೇಕಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಗಾಯಕಿ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ಗರಗರ ಸದ್ದಿನ ಒಳಗಿಂದ ಆ ದಿಟ್ಟ ದನಿ ಬರುವಾಗ ಮೈ ಜುಮ್ಮೆನ್ನುತ್ತದೆ. ಅಷ್ಟರಲ್ಲಿ ಇಸ್ತ್ರಿ ಪೆಟ್ಟಿಗೆಯೂ ಕಾದಿರುತ್ತದೆ.

ಕಣ್ಣೂ ಖಾಲಿ ಇದ್ದಾಗ ನೋಡಲು ನನಗೆ ಇಷ್ಟವಾದದ್ದು ಸಿನಿಮಾದ ಹುಟ್ಟಿನ ಕಾಲದ ಚಿತ್ರಗಳು. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಟಿಕೆಟ್ ಕೊಂಡು ಬಂದವರಿಗೆ ಹತ್ತು ಚಿತ್ರ ತೋರಿಸಿದರು. ಒಂದೊಂದೂ ಒಂದು ನಿಮಿಷದ ಒಳಗೇ ಮುಗಿಯುತ್ತದೆ. ಅದರಲ್ಲೊಂದು, ಕೆಲಸ ಮುಗಿಸಿದ ಜನ ಕಾರ್ಖಾನೆಯ ಬಾಗಿಲು ದಾಟಿ ಹೊರಗೆ ಬರುವ ಚಿತ್ರ. ಅಷ್ಟೇ ಕತೆ. ಇಂಥದ್ದನ್ನು ಒಂದೇ ಸಲ ನೋಡಿ ಬಿಡಬೇಡಿ, ಮೂರು ಸಲ ನೋಡಿ. ಮೊದಲ ಸಲ ಎಲ್ಲವನ್ನೂ ನೋಡಿ. ಎರಡನೆಯ ಸಲ ನಿಮ್ಮ ಕಸುಬಿನ ಕಣ್ಣಿನಿಂದ ನೋಡಿ. ನಾನು ಆ ಹೆಂಗಸರ ಉದ್ದನೆಯ ಲಂಗ ನೋಡಿದೆ, ಎಷ್ಟು ಬಟ್ಟೆ ಹಿಡಿದಿರಬಹುದು, ಸೊಂಟದಲ್ಲಿ ನೆರಿಗೆ ಹೇಗೆ ಕೂರಿಸಿರಬಹುದು ಅಂತ. ಬಡಗಿ ಆಗಿದ್ದರೆ ಬಾಗಿಲು ನೋಡುತ್ತಿದ್ದನೋ ಏನೋ. ಮೂರನೆಯ ಸಲ ಒಬ್ಬರನ್ನೇ ಹಿಡಿದು, ಅವರು ಮರೆಯಾಗುವ ತನಕ ಕಣ್ಣಲ್ಲೇ ಹಿಂಬಾಲಿಸಿ. ಒಂದು ನಾಯಿಯೂ ಓಡಾಡುತ್ತದೆ, ಅದನ್ನೂ ನೋಡಬಹುದು. ಮೂರು ಸಲ ನೋಡಿದರೂ ಮೂರು ನಿಮಿಷ ಆಗಿರುವುದಿಲ್ಲ!

ಓದಲು? ಪದ್ಯ ಓದಿ. ಮಂಕುತಿಮ್ಮನ ಕಗ್ಗ ಇಂಥ ಬಿಡುವಿಗೆ ಹೇಳಿ ಮಾಡಿಸಿದ ಹಾಗಿದೆ. 1943ರಲ್ಲಿ ಬಂದ ಪುಸ್ತಕ, ನಾಲ್ಕು ನಾಲ್ಕು ಸಾಲಿನ 945 ಪದ್ಯಗಳು. ದಿನಕ್ಕೊಂದು ಓದಿದರೆ ಎರಡೂವರೆ ವರ್ಷಕ್ಕೂ ಜಾಸ್ತಿ ಬರುತ್ತದೆ. ಪದಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಮೊದಲ ಓದಿಗೆ ಬಾಯಿ ತೊಡರುತ್ತದೆ. ಹೆದರಬೇಡಿ. ಜೋರಾಗಿ ಓದಿ, ಅಂಟಿದ ಪದಗಳನ್ನು ನಿಧಾನವಾಗಿ ಬಿಡಿಸಿ, ಮತ್ತೊಮ್ಮೆ ಓದಿ. ಹೊಲಿಗೆ ಬಿಚ್ಚಿದ ಹಾಗೆ ಅರ್ಥ ಬಿಚ್ಚಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಪದ್ಯ ಸಾಕು. ಬಿಡಿಸಲಾಗದ ಪದವನ್ನು ಹಾಗೇ ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಕೂರುತ್ತೇನೆ, ಎಷ್ಟೋ ಸಲ ಅಂಚು ಮಡಿಚುವಾಗ ಅದು ಹೊಳೆಯುತ್ತದೆ. ವಚನಗಳೂ, ಮೂರೇ ಸಾಲಿನ ತ್ರಿಪದಿಗಳೂ ಹೀಗೇ ಓದಲು ಚೆನ್ನ. ದಪ್ಪ ಕಾದಂಬರಿ ಓದಲೇಬೇಕು ಅನ್ನಿಸಿದರೆ ಮೊದಲೇ ಓದಿದ್ದನ್ನು ತೆಗೆಯಿರಿ. ಕತೆ ಗೊತ್ತಿರುವುದರಿಂದ ಎಲ್ಲಿ ನಿಲ್ಲಿಸಿದರೂ ನಷ್ಟವಿಲ್ಲ.

ಇನ್ನು ತಯಾರಿ. ಬಿಡುವು ಸಿಕ್ಕಾಗ ಹುಡುಕಲು ಕೂತರೆ ಬಿಡುವೆಲ್ಲ ಹುಡುಕಾಟಕ್ಕೇ ಮುಗಿಯುತ್ತದೆ, ಅಲ್ವಾ? ರಾತ್ರಿಯೇ ಮೂರು ಆರಿಸಿಡಿ. ಓದಲು ಒಂದು, ನೋಡಲು ಒಂದು, ಕೇಳಲು ಒಂದು. ಕನ್ನಡ ವಿಕಿಸೋರ್ಸ್ ಅನ್ನುವ ಜಾಲತಾಣದಲ್ಲಿ ವಚನಗಳು ಉಚಿತವಾಗಿ ಸಿಗುತ್ತವೆ. ಹಳೆಯ ಪುಸ್ತಕ, ಹಾಡು, ಚಿತ್ರಗಳಿಗೆ ಇಂಟರ್ನೆಟ್ ಆರ್ಕೈವ್ ಇದೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಹಳೆಯ ಪುಸ್ತಕಗಳಿವೆ, ಹೆಚ್ಚಿನವು ಇಂಗ್ಲಿಷಿನಲ್ಲಿ. ಮೂರನ್ನೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನೆಟ್‌ವರ್ಕ್ ನಂಬಿ ಕೂರಬೇಡಿ. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಆಫ್ ಮಾಡಿ. ಕತೆ ಅರ್ಧಕ್ಕೆ ನಿಂತಿದ್ದರೆ ಮೂವತ್ತು ಸೆಕೆಂಡು ಹಿಂದಕ್ಕೆ ಹೋಗಿ ಶುರುಮಾಡಿ, ಎಳೆ ಸಿಗುತ್ತದೆ. ಕತೆಯ ವೇಗ ಮಾತ್ರ ಹೆಚ್ಚಿಸಬೇಡಿ. ಓದುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದರಲ್ಲೇ ಅರ್ಧ ಕತೆ ಇರುತ್ತದೆ.

ಇದನ್ನೆಲ್ಲ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತೇನೆ. ನಾಳೆಗೆ ಎರಡು ಅಂಗಿಯ ಗುಂಡಿ ಬಾಕಿ ಇದೆ, ಹದಿನಾಲ್ಕು ಗುಂಡಿ. ಅದರ ಎದುರಿಗೆ ಇಪ್ಪತ್ತೆರಡು ನಿಮಿಷದ ಒಂದು ಕತೆಯ ಹೆಸರು ಬರೆದಿದ್ದೇನೆ.